ಬಲಾಢ್ಯರನ್ನು ಸೋಲಿಸುವ ವಿಧಾನ: ಕೊಡಗಿನ ಚೆಸ್ ಹವ್ಯಾಸಿಗಳಿಗೊಂದು ಕೈಪಿಡಿ

ಬಳಸುವ ಮುನ್ನ ಪೂರ್ತಿ ಓದಿ. ಇದು ಗೋಣಿಕೊಪ್ಪ, ನಾಪೋಕ್ಲು, ಸೋಮವಾರಪೇಟೆ ಕಡೆಯಲ್ಲಿ ಜಡಿಮಳೆಗೆ ಕರೆಂಟ್ ಹೋದ ದಿನಗಳಲ್ಲಿ ಆಟ ಕಲಿತವರಿಗಾಗಿ ಬರೆದದ್ದು. ಕೋಚಿಂಗ್ ಪಡೆದವರು ಬಳಸಿದರೆ ಪರಿಣಾಮಕ್ಕೆ ನಾವು ಹೊಣೆಯಲ್ಲ.

ಬೇಕಾಗುವ ಸಾಮಗ್ರಿ: ಪೆನ್ನು ಎರಡು, ಸ್ವೆಟರ್ ಒಂದು, ನಿಮಗಿಂತ ಬಲವಾದ ಎದುರಾಳಿ ಒಬ್ಬ. ಕೊನೆಯದನ್ನು ನೀವು ತರಬೇಕಿಲ್ಲ, ಸ್ವಿಸ್ ಪದ್ಧತಿಯೇ ಒದಗಿಸುತ್ತದೆ. ಎಲ್ಲರನ್ನೂ ರೇಟಿಂಗ್ ಪ್ರಕಾರ ಸಾಲಾಗಿಸಿ, ಸಾಲನ್ನು ನಡುವೆ ಮುರಿದು, ಮೇಲಿನರ್ಧಕ್ಕೆ ಕೆಳಗಿನರ್ಧವನ್ನು ಗಂಟುಹಾಕುತ್ತಾರೆ. 200 ಜನರಿದ್ದರೆ ಮೊದಲ ಸುತ್ತಿನಲ್ಲಿ 1ನೆಯವರಿಗೆ 101ನೆಯವರು. ನೀವು 101ನೆಯವರಾಗಿದ್ದರೆ ಶುಭವಾಗಲಿ.

ಸಾಗಣೆ: ಕೊಡಗಿಗೆ ರೈಲಿಲ್ಲ. ಟೂರ್ನಿ ಮೈಸೂರಿನಲ್ಲಾದರೆ ಬೆಳಗಿನ ಮೊದಲ ಬಸ್ಸನ್ನೇ ಹಿಡಿಯಿರಿ. ತಿತಿಮತಿ ದಾಟಿದ ಮೇಲೆ ರಸ್ತೆಗೆ ಆನೆ ಬಂದು ನಿಂತರೆ, ಅದು ಸರಿಯುವವರೆಗೆ ಬಸ್ಸೂ ನಿಲ್ಲುತ್ತದೆ. ತಡವಾಗಿ ಬರುವವರಿಗೆಂದು ಸಂಘಟಕರು ಕೊಟ್ಟ ಅವಧಿ ಮೀರಿದರೆ ಒಂದು ನಡೆಯನ್ನೂ ಆಡದೆ ಸೋಲುತ್ತೀರಿ; ಆನೆಯನ್ನು ಸಾಕ್ಷಿಗೆ ಕರೆಯುವ ನಿಯಮ ವಿಶ್ವ ಚೆಸ್ ಸಂಸ್ಥೆಯಾದ ಫಿಡೆಯ ಪುಸ್ತಕದಲ್ಲಿಲ್ಲ.

ಫೋನನ್ನು ಪೂರ್ತಿ ಆರಿಸಿ, ಹೊರಗೆ ಕೊಟ್ಟು ಬನ್ನಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಈ ಸೂಚನೆಯನ್ನು ಎರಡು ಸಲ ಓದಿಕೊಳ್ಳಿ. ಕಣದಲ್ಲಿ ಕಾಫಿ ಹರಡಿರುತ್ತದೆ, ಮೋಡ ಕಟ್ಟುತ್ತದೆ, ತೋಟದ ರೈಟರು ‘ಸಾರ್, ಏನ್ ಮಾಡೋದು?’ ಎಂದು ಕೇಳಲು ಅದೇ ಹೊತ್ತಿಗೆ ಫೋನ್ ಮಾಡುತ್ತಾರೆ. ಕಾಫಿ ನೆನೆದರೂ ಒಣಗಿಸಬಹುದು. ಫೋನ್ ಸದ್ದಿಗೆ ಹೋದ ಪಾಯಿಂಟ್ ಹೋಯಿತು.

ಮನೆಯವರನ್ನು ಕರೆತರಬೇಡಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯನ್ನು ನೋಡಿ ಬೆಳೆದವರು ಅವರು. ಗೆಲುವೆಂದರೆ ಇಡೀ ಒಕ್ಕ ಮೈದಾನದ ಅಂಚಿನಲ್ಲಿ ನಿಂತು ಕೂಗುವುದು ಎಂದು ನಂಬಿದ್ದಾರೆ. ಇಲ್ಲಿ ಚಿಕ್ಕಪ್ಪ ಒಮ್ಮೆ ಗಟ್ಟಿಯಾಗಿ ಕೆಮ್ಮಿದರೂ ಆರ್ಬಿಟರ್ ತಿರುಗಿ ನೋಡುತ್ತಾರೆ.

ಈಗ ಯಂತ್ರ ಕೆಲಸ ಮಾಡುವ ರೀತಿ. ಅರ್ಪಾದ್ ಎಲೋ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರ ರೇಟಿಂಗ್ ಲೆಕ್ಕವನ್ನು ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಅದರ ಪ್ರಕಾರ ಎದುರಾಳಿ ನಿಮಗಿಂತ 200 ಪಾಯಿಂಟ್ ಮೇಲಿದ್ದರೆ, ನೂರು ಆಟಕ್ಕೆ ನಿಮ್ಮ ಪಾಲಿಗೆ ಡ್ರಾಗಳೂ ಸೇರಿ ಸುಮಾರು 24 ಅಂಕ. 400 ಮೇಲಿದ್ದರೆ 8. ನಿಮಗಿದು ಬೇಸರದ ಸುದ್ದಿ. ಎದುರಿನವರಿಗೆ ಇದಕ್ಕಿಂತ ಬೇಸರದ್ದು. 400ರ ಅಂತರದಲ್ಲಿ ಗೆದ್ದರೆ ಅವರಿಗೆ ಸಾಮಾನ್ಯವಾಗಿ ಸಿಗುವುದು ಸುಮಾರು ಒಂದೂವರೆ ಪಾಯಿಂಟ್, ಸೋತರೆ ಹೋಗುವುದು ಸುಮಾರು ಹದಿನೆಂಟು. ಈ ಭಾರ ಹೊತ್ತು ಕೂತವರು ಇಪ್ಪತ್ತನೇ ನಡೆಯ ಹೊತ್ತಿಗೆ ಆಟ ಸಮಸಮವಾಗಿದ್ದರೆ ಸುಮ್ಮನಿರಲಾರರು. ಸಮವಾಗಿದ್ದುದನ್ನು ಕೆದಕುತ್ತಾರೆ, ಕೊಡಬಾರದ ಕಾಲಾಳನ್ನು ಕೊಡುತ್ತಾರೆ. ನನ್ನನ್ನು ಕೇಳಿದರೆ, ಹವ್ಯಾಸಿಯ ಗೆಲುವಿನಲ್ಲಿ ಅರ್ಧ ಪಾಲು ಈ ಚಡಪಡಿಕೆಯದೇ. ಉಳಿದರ್ಧ ನಿಮ್ಮ ಕೈಯಲ್ಲಿದೆ, ಅಪಾಯವಿರುವುದೂ ಅಲ್ಲೇ.

ಒಂದು ಕುದುರೆ ಹೆಚ್ಚಾದ ಕ್ಷಣ ನಿಮ್ಮ ಕಿವಿ ಬಿಸಿಯಾಗುತ್ತದೆ. ಮನಸ್ಸು ಬೋರ್ಡು ಬಿಟ್ಟು ಮಡಿಕೇರಿಗೆ ಹೋಗಿ ಗೆಳೆಯರಿಗೆಲ್ಲ ಸುದ್ದಿ ಹೇಳಿ ಬಂದಿರುತ್ತದೆ. ಆಗ ಕೈಗಳನ್ನು ತೊಡೆಯ ಕೆಳಗಿಟ್ಟು ಕೂರಿ. ಮುಟ್ಟಿದ ಕಾಯಿಯನ್ನು ಆಡಲೇಬೇಕೆಂಬ ನಿಯಮ ನಿಮ್ಮಂಥವರಿಂದಲೇ ಬದುಕಿದೆ. ಎದುರಾಳಿ ಇದೇ ಹೊತ್ತಿಗೆ ಕಾಯಿ ನಡೆಸಿ, ಮೆಲ್ಲಗೆ ‘ಡ್ರಾ?’ ಎಂದು ಕೇಳಿ ಗಡಿಯಾರ ಒತ್ತುತ್ತಾರೆ. ಅದನ್ನು ದೊಡ್ಡವರ ಔದಾರ್ಯ ಎಂದುಕೊಳ್ಳಬೇಡಿ. ಗೆಲ್ಲುವ ಭರವಸೆಯಿದ್ದವರು ಕೇಳುವ ಪ್ರಶ್ನೆಯಲ್ಲ ಅದು. ಉತ್ತರ ಕೊಡಬೇಕೆಂದೂ ಇಲ್ಲ. ನಿಮ್ಮ ನಡೆ ಆಡಿದರೆ ಪ್ರಸ್ತಾಪ ಬಿದ್ದುಹೋಗುತ್ತದೆ. ಕೊನೆಗೆ ಒಂಟಿ ರಾಜ ಮಾತ್ರ ಉಳಿದಾಗ ಅವನಿಗೆ ಓಡಾಡಲು ಒಂದು ಮನೆ ಬಿಟ್ಟಿರಿ. ಚೆಕ್ ಇಲ್ಲದೆ ಅವನ ದಾರಿ ಮುಚ್ಚಿದರೆ ಸ್ಟೇಲ್‌ಮೇಟ್: ಅರ್ಧ ಅಂಕ, ಊರು ತುಂಬ ನಗು.

ಈ ವಿಧಾನ ಪರೀಕ್ಷೆಗೊಳಪಟ್ಟಿದೆಯೇ? ಪಂಜಾಬಿನ ಸುಲ್ತಾನ್ ಖಾನ್ ಕಲಿತದ್ದು ನಮ್ಮ ಅಜ್ಜಂದಿರ ಚದುರಂಗ. ಅದರಲ್ಲಿ ಕಾಲಾಳಿಗೆ ಮೊದಲ ಹೆಜ್ಜೆಯೂ ಒಂದೇ ಮನೆ. ಅವರು 1929ರಲ್ಲಿ ಲಂಡನ್ನಿಗೆ ಹೋಗಿ, 1930–31ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕರನ್ನು ಸೋಲಿಸಿದರು, ಅದೂ ಅರವತ್ತಕ್ಕೂ ಹೆಚ್ಚು ನಡೆ ಅವಸರವಿಲ್ಲದೆ ಹಿಂಡಿ. ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟದ್ದು 2024ರಲ್ಲಿ, ಅವರು ತೀರಿಕೊಂಡು ಎಷ್ಟೋ ದಶಕಗಳಾದ ಮೇಲೆ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಕೂಡ 2017ರವರೆಗೆ ಕಾಯಬೇಕಾಯಿತು. ಆದ್ದರಿಂದ ಸನ್ಮಾನದ ಶಾಲಿಗೆ ಅವಸರ ಬೇಡ.

ವಾರಂಟಿ: ಒಂದು ಸುತ್ತಿಗೆ ಮಾತ್ರ. ಸ್ವಿಸ್ ಪದ್ಧತಿ ಗೆದ್ದವರಿಗೆ ಗೆದ್ದವರನ್ನೇ ಜೋಡಿಸುತ್ತದೆ, ಮಧ್ಯಾಹ್ನ ಎದುರಿಗೆ ಬರುವವರೂ ನಿಮಗಿಂತ ಬಲವಾದವರೇ. ಸ್ಕೋರ್‌ಶೀಟಿಗೆ ಇಬ್ಬರ ಸಹಿ ಹಾಕಿಸಿ, ಫಲಿತಾಂಶ ಸರಿಯಾಗಿ ಬರೆದಿದ್ದಾರೆಯೇ ನೋಡಿ, ಪೇರಿಂಗ್ ಹಚ್ಚುವುದರೊಳಗೆ ಊಟ ಮುಗಿಸಿಕೊಳ್ಳಿ.