75 ವಾಟ್‌ನ ನೆಲೆಗಳು: ಅಗ್ಗದ ಗ್ರಾಫಿಕ್ಸ್ ಕಾರ್ಡ್ ಕುರಿತ ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಪ್ರಬಂಧವು ಅಗ್ಗದ ಗ್ರಾಫಿಕ್ಸ್ ಕಾರ್ಡ್ ಎಂಬ ಸಂಕಥನವನ್ನು ಅದರ ಚಾರಿತ್ರಿಕ, ಆರ್ಥಿಕ ಹಾಗೂ ಔಷ್ಣಿಕ ನೆಲೆಗಳಲ್ಲಿ ಮುಖಾಮುಖಿಯಾಗುವ ಒಂದು ವಿನಮ್ರ ಪ್ರಯತ್ನ. ಅಧ್ಯಯನದ ವ್ಯಾಪ್ತಿ: ನಮ್ಮಕ್ಕನ ಮನೆಯ ಕಂಪ್ಯೂಟರ್. ಅಧ್ಯಯನದ ಮಿತಿ: ಏಳು ಸಾವಿರ ರೂಪಾಯಿ. (ಈಚೆಗೆ ಒಂದು ವಿಚಾರ ಸಂಕಿರಣದಲ್ಲಿ ಮೂರು ಗಂಟೆ ಕೂತು ಬಂದೆ. ಆವತ್ತಿನಿಂದ ಬಾಯಿ ತೆರೆದರೆ ಇದೇ ಭಾಷೆ ಬರುತ್ತಿದೆ.)

ಆಕರ ಸಾಮಗ್ರಿ: ಯಾವುದೋ ಆಫೀಸು ಹರಾಜಿಗೆ ಹಾಕಿದ ಡೆಸ್ಕ್‌ಟಾಪು. 2012ರ ಕೋರ್ ಐ5-3470 ಪ್ರೊಸೆಸರ್, 8 ಜಿಬಿ ರ‍್ಯಾಮ್, 240 ವಾಟ್‌ನ ಪವರ್ ಸಪ್ಲೈ. ಇದರಲ್ಲಿ ಜಿಟಿಎ 5 ಆಡುವುದು ಹೇಗೆ ಎಂಬುದು ಪಿಯುಸಿ ಓದುತ್ತಿರುವ ಅಕ್ಕನ ಮಗನ ಸಂಶೋಧನಾ ಸಮಸ್ಯೆ. ಪೂರ್ವಸೂರಿಗಳನ್ನು, ಎಂದರೆ ಅವನ ಕ್ಲಾಸ್‌ಮೇಟುಗಳನ್ನು, ಪರಾಮರ್ಶಿಸಲಾಗಿ 'ಬಾಟಲ್‌ನೆಕ್ ಆಗುತ್ತೆ' ಎಂಬಲ್ಲಿ ಎಲ್ಲರದೂ ಏಕಾಭಿಪ್ರಾಯ. ಬಾಟಲ್‌ನೆಕ್ ಎಂದರೇನು ಎಂದು ಕೇಳಿದರೆ ಅದು ಮಾಯೆಯ ಹಾಗೆ, ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು.

ಈ ಕ್ಷೇತ್ರದಲ್ಲಿ ಹದಿನೈದು ಪಂಥಗಳಿವೆ. ಪ್ರೊಸೆಸರೂ ಗ್ರಾಫಿಕ್ಸೂ ಬೇರೆಯಲ್ಲ, ಎರಡೂ ಒಂದೇ ಚಿಪ್ಪಿನ ಲೀಲೆ ಎನ್ನುವವರು ಅದ್ವೈತಿಗಳು. ಐ5-3470ರ ಒಳಗೇ ಇರುವ ಎಚ್‌ಡಿ 2500 ಅವರ ಪರಬ್ರಹ್ಮ: ನಿರ್ಗುಣ, ನಿರಾಕಾರ, ಆಟ ಹಾಕಿದರೆ ನಿಶ್ಚಲ. ಕಾರ್ಡು ಬೇರೆ, ಪ್ರೊಸೆಸರು ಬೇರೆ, ಭೇದ ನಿತ್ಯ, ಬಿಲ್ಲೂ ಬೇರೆ ಎನ್ನುವವರು ದ್ವೈತಿಗಳು. ಕಾರ್ಡು ಹಾಕಿಸಿಯೂ ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿಗೇ ಚುಚ್ಚಿಟ್ಟು, 'ಏನೂ ವ್ಯತ್ಯಾಸ ಕಾಣ್ತಿಲ್ಲವಲ್ಲ' ಎಂದು ಕೂತವರು ವಿಶಿಷ್ಟಾದ್ವೈತಿಗಳು. ಪ್ರಸ್ತುತ ಲೇಖಕ ಹಿಂದೊಮ್ಮೆ ಎರಡು ವಾರ ಆ ಪಂಥದಲ್ಲಿದ್ದ. ಇಎಂಐ ಮೇಲೆ ಕೊಂಡವರು ಚಾರ್ವಾಕರು. ಉಳಿದ ಹನ್ನೊಂದನ್ನು ವಿವರಿಸುವಷ್ಟರಲ್ಲಿ ಹುಡುಗ, "ಮಾಮ, ಕೊನೆಗೆ ಯಾವ್ದು ತಗೋಳೋದು ಹೇಳಿ" ಅಂದ. ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ.

ಸಿದ್ಧಾಂತ ಭಾಗಕ್ಕೆ ಬರೋಣ. ಮದರ್‌ಬೋರ್ಡಿನ ಉದ್ದನೆಯ ಸ್ಲಾಟು ಕಾರ್ಡಿಗೆ ಉಣಿಸುವುದು ಹೆಚ್ಚೆಂದರೆ 75 ವಾಟ್. ಅದಕ್ಕಿಂತ ಹಸಿವು ಜಾಸ್ತಿಯಿದ್ದರೆ ಪವರ್ ಸಪ್ಲೈಯಿಂದಲೇ ಬೇರೆ ವೈರು ಬರಬೇಕು. ಆರು ಪಿನ್ನಿನದು ಇನ್ನೊಂದು 75 ಕೊಡುತ್ತದೆ, ಎಂಟು ಪಿನ್ನಿನದು 150. ನಮ್ಮ ಆಕರ ಸಾಮಗ್ರಿಯಲ್ಲಿ ಅಂಥ ವೈರೇ ಇಲ್ಲ. ಹಾಗಾಗಿ ನಮ್ಮ ಗುರುಪರಂಪರೆ ಚಿಕ್ಕದು: 2014ರ ಜಿಟಿಎಕ್ಸ್ 750 ಟಿಐ, 2016ರ 1050 ಟಿಐ, 2019ರ 1650, 2024ರ ಆರ್‌ಟಿಎಕ್ಸ್ 3050ರ 6 ಜಿಬಿ ಅವತಾರ. ಎಎಮ್‌ಡಿ ಕಡೆಯಿಂದ 2022ರಲ್ಲಿ ಬಂದ ಆರ್‌ಎಕ್ಸ್ 6400 ಕೂಡ ಉಂಟು. ಅದರ ದಾರಿಯಲ್ಲಿ ನಾಲ್ಕೇ ಲೇನು. ಹೊಸ ಬೋರ್ಡಿನಲ್ಲಿ ಒಂದೊಂದು ಲೇನೂ ವೇಗದ್ದು, ನಡೆದುಹೋಗುತ್ತದೆ. ಹಳೆಯ ಬೋರ್ಡಿನಲ್ಲಿ ವೇಗ ಅರ್ಧಕ್ಕಿಳಿದು ಕಾರ್ಡು ಕುಂಟುತ್ತದೆ. ಹಳೆಯ ಕಂಪ್ಯೂಟರ್ ಇಟ್ಟುಕೊಂಡವನೇ ಕೊಳ್ಳುವ ಕಾರ್ಡು, ಹಳೆಯ ಕಂಪ್ಯೂಟರಿನಲ್ಲೇ ಕುಂಟುತ್ತದೆ!

ಇನ್ನು ನಾಮಮೀಮಾಂಸೆ. 2017ರಲ್ಲಿ ಜಿಟಿ 1030 ಎಂಬ ಪುಟ್ಟ ಕಾರ್ಡು ಬಂತು. ಅದರ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸುತ್ತಿತ್ತು. ಮರುವರ್ಷ ಡಿಡಿಆರ್4 ಮೆಮೊರಿ ಹಾಕಿದ ಇನ್ನೊಂದು ಬಂತು. ಅದು ಸಾಗಿಸುತ್ತಿದ್ದುದು 17 ಜಿಬಿಗೂ ಕಡಿಮೆ. ಹೆಸರು? ಜಿಟಿ 1030. ಜಿಟಿಎಕ್ಸ್ 1060ರಲ್ಲಿ 6 ಜಿಬಿಯದಕ್ಕೆ 1280 ಕೋರು, 3 ಜಿಬಿಯದಕ್ಕೆ 1152. ಮೆಮೊರಿ ಒಂದೇ ಕಡಿಮೆ ಎಂದುಕೊಂಡವನಿಗೆ ಕೋರುಗಳೂ ಖೋತಾ. 3050ರಲ್ಲೂ ಅದೇ ಕತೆ. ಇದನ್ನು ಶಾಸ್ತ್ರದಲ್ಲಿ ನಾನಾರ್ಥ ಎನ್ನುತ್ತಾರೆ. ಕಿರಾಣಿ ಅಂಗಡಿಯವನು ಸೋನಾ ಮಸೂರಿ ಚೀಲದಲ್ಲಿ ರೇಷನ್ ಅಕ್ಕಿ ತುಂಬಿ ಕೊಟ್ಟರೆ ನಾವು ನಾನಾರ್ಥ ಎನ್ನುವುದಿಲ್ಲ. ಚೀಲ ತಂದು ಅವನ ಗಲ್ಲಾಪೆಟ್ಟಿಗೆ ಮೇಲೆ ಸುರಿಯುತ್ತೇವೆ.

ನನಗೆ ಮೈ ಉರಿಯುವುದು ಇಲ್ಲೇ. ಲಕ್ಷ ರೂಪಾಯಿ ಇಟ್ಟುಕೊಂಡು ಬಂದವನು ಏನೂ ಓದಬೇಕಾಗಿಲ್ಲ. ಎಲ್ಲಕ್ಕಿಂತ ದೊಡ್ಡದು ಕೊಡಿ ಎಂದರೆ ಮುಗಿಯಿತು. ಏಳು ಸಾವಿರದವನು ವಾಟ್, ಪಿನ್ನು, ಲೇನು, ಕೋರು ಎಲ್ಲದರಲ್ಲೂ ಪಿಎಚ್‌ಡಿ ಮಾಡಬೇಕು. ತಪ್ಪಿದರೆ ಇನ್ನೊಂದು ಕೊಳ್ಳುವ ಶಕ್ತಿ ಇಲ್ಲದವನಿಗೇ ಈ ಕಠಿಣ ಪರೀಕ್ಷೆ. ಅವನ ಸಿಲಬಸ್ಸೂ ಈಗ ಮುಗಿಯುತ್ತ ಬಂದಿದೆ. 40ರ ಸಾಲಿನಲ್ಲಿ ಡೆಸ್ಕ್‌ಟಾಪಿಗೆ 4050 ಬರಲೇ ಇಲ್ಲ. 2025ರಲ್ಲಿ ಬಂದ 5050 ಉಣ್ಣುವುದು 130 ವಾಟ್. 75 ವಾಟ್‌ನವರಿಗೆ ಹೊಸದಾಗಿ ಏನಾದರೂ ಮಾಡಬೇಕೆಂದು ಯಾರಿಗೂ ಅನ್ನಿಸುತ್ತಿರುವ ಹಾಗೆ ಕಾಣುವುದಿಲ್ಲ.

ಉಳಿದದ್ದು ಸೆಕೆಂಡ್ ಹ್ಯಾಂಡು. ಕ್ಷೇತ್ರಕಾರ್ಯಕ್ಕೆಂದು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಮೆಟ್ಟಿಲು ಹತ್ತಿ ಹೋದರೆ ಒಂದಾಳು ಕೂರುವಷ್ಟು ಅಂಗಡಿ. ನ್ಯೂಸ್‌ಪೇಪರಿನಲ್ಲಿ ಸುತ್ತಿದ್ದ 1050 ಟಿಐ ಹೊರಗೆ ಬಂತು.

"ಮೈನಿಂಗ್‌ಗೆ ಹಾಕಿದ್ದಾ?" ಅಂದೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಮ್ ಎಂಬ ಡಿಜಿಟಲ್ ನಾಣ್ಯದ ಮೈನಿಂಗ್ ನಿಂತ ಮೇಲೆ ಹಗಲೂ ರಾತ್ರಿ ದುಡಿದು ಬೆಂದ ಕಾರ್ಡುಗಳು ಮಾರ್ಕೆಟ್ಟಿಗೆ ಬಿದ್ದಿದ್ದನ್ನು ಓದಿಕೊಂಡಿದ್ದೆ.

"ಅಯ್ಯೋ ಇಲ್ಲ ಸಾರ್, ಸ್ಟುಡಿಯೋದವ್ರದು. ಬರೀ ಫೋಟೋಶಾಪ್."

ಹುಡುಗ ಕಾರ್ಡು ತಿರುಗಿಸಿ ಸ್ಕ್ರೂಗಳನ್ನು ನೋಡಿದ, ಬಿಚ್ಚಿದ ಗುರುತು ಇದೆಯೇ ಎಂದು. ಹಳೆಯ ಜಿಟಿಎಸ್ 450ಕ್ಕೆ ಬಯಾಸ್ ಬದಲಿಸಿ 1050 ಟಿಐ ಎಂದು ಮಾರುವವರೂ ಇದ್ದಾರೆ. ಕಂಪ್ಯೂಟರಿಗೆ ಹಾಕಿದರೆ ವಿಂಡೋಸ್ ಕೂಡ ಆ ಹೆಸರನ್ನೇ ನಂಬುತ್ತದೆ. ಅವನಿಗೆ ಅದೂ ಗೊತ್ತಿತ್ತು.

"ವಾರಂಟಿ?"

"ಏಳು ದಿನ ಚೆಕಿಂಗ್ ವಾರಂಟಿ."

ಹುಡುಗ ನನ್ನ ಮುಖ ನೋಡಿದ. ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಅವನು ಬ್ಯಾಗಿನಿಂದ ರಬ್ಬರ್‌ಬ್ಯಾಂಡ್ ಹಾಕಿದ ಕಟ್ಟು ತೆಗೆದ. ಐವತ್ತರ, ಇಪ್ಪತ್ತರ ನೋಟುಗಳೇ ಜಾಸ್ತಿ. ಅಂಗಡಿಯವನಿಗೆ ಎಣಿಸುವುದಕ್ಕೆ ಸುಮಾರು ಹೊತ್ತು ಹಿಡಿಯಿತು.