ಹೋಂಸ್ಟೇ ಗೌಡರು

ಮೂಡಿಗೆರೆಯಿಂದ ಬಾಳೆಹೊನ್ನೂರಿನವರೆಗೆ ಯಾವ ಕೈಮರದ ಹತ್ತಿರ ತಿರುಗಿದರೂ ಒಬ್ಬರು ಹೋಂಸ್ಟೇ ಗೌಡರು ಸಿಗುತ್ತಾರೆ. ಅವರ ತೊಟ್ಟಿಮನೆಗೆ ವಯಸ್ಸಾಗುವ ಲೆಕ್ಕವೇ ಬೇರೆ. ಮೊದಲ ಅತಿಥಿ ಬಂದಾಗ ಅದು ನೂರು ವರ್ಷದ ಮನೆ. ಮರುವರ್ಷ ನೂರೈವತ್ತು. ಈಗ ಇನ್ನೂರೈವತ್ತು. ಸೀಸನ್ ಹೀಗೇ ನಡೆದರೆ, ಬಾಬಾ ಬುಡನ್ ಬೀಜ ತಂದು ಮೊದಲ ಕಾಫಿ ಕುಡಿದದ್ದು ಇದೇ ಜಗಲಿಯಲ್ಲಿ ಎನ್ನುವ ದಿನವೂ ಬಂದೀತು. ಒಮ್ಮೆ ಬೆಂಗಳೂರಿನ ಹುಡುಗನೊಬ್ಬ ಹಂಚಿನ ಮೇಲಿದ್ದ ಬಾಸೆಲ್ ಮಿಷನ್ ಮುದ್ರೆ ಓದಿ, “ಅಂಕಲ್, ಮಂಗಳೂರಲ್ಲಿ ಇವರ ಹೆಂಚಿನ ಕಾರ್ಖಾನೆ ಶುರುವಾಗಿದ್ದೇ 1865ರಲ್ಲಿ ಅಲ್ವಾ?” ಅಂದ. ಗೌಡರು ಅಳುಕಲಿಲ್ಲ. “ಹಂಚು ಹೊದಿಸಿದ್ದು ಆಮೇಲೆ ಮಾರಾಯ. ಮೊದಲು ಹುಲ್ಲಿನ ಮಾಡು.”

ಇದೇ ಮನೆ ನೋಡಿ ಒಂದು ಕಾಲಕ್ಕೆ ನಾಚಿಕೊಂಡವರೂ ಇವರೇ. ತೊಂಬತ್ತರ ದಶಕದಲ್ಲಿ ಕಾಫಿ ಬೋರ್ಡಿನ ಪೂಲ್ ಪದ್ಧತಿ ಹೋಗಿ, ಬೆಳೆದವನೇ ಮಾರುವಂತಾಗಿ, ಕೈಯಲ್ಲಿ ದುಡ್ಡು ಓಡಾಡಿತು. ಗೌಡರು ಕೆಂಪು ಗಾರೆ ನೆಲದ ಮೇಲೆ ಬಿಳಿ ಟೈಲ್ಸ್ ಹಾಕಿಸಿದರು, ಬಚ್ಚಲ ಹಂಡೆಯನ್ನು ಗುಜರಿಗೆ ಹಾಕಿ ಗೀಸರ್ ತಂದರು, ಮರದ ಕಂಬ ಕಿತ್ತು ಸಿಮೆಂಟಿನದು ನಿಲ್ಲಿಸಿದರು. 2001ರ ಹೊತ್ತಿಗೆ ದರ ಪಾತಾಳ ಸೇರಿದಾಗ ಹೋಂಸ್ಟೇ ಹೊಳೆಯಿತು. ಟೈಲ್ಸ್ ಒಡೆಸಿದರು. ಗುಜರಿಗೆ ಹೋದ ಹಂಡೆಯ ತಮ್ಮನನ್ನು ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಿಂದ ಹತ್ತು ಪಟ್ಟು ತೆತ್ತು ತಂದರು. ಕಂಬಗಳು ಮಾತ್ರ ಕಾರೈಕುಡಿಯಿಂದ ಬಂದವು, ಲಾರಿಯಲ್ಲಿ. ಕೆಡವಿದ ಚೆಟ್ಟಿಯಾರರ ಮನೆಗಳ ಬರ್ಮಾ ತೇಗ ಅದು. ಈಗ “ನಮ್ಮ ಮುತ್ತಜ್ಜ ನಿಂತು ಕೆತ್ತಿಸಿದ್ದು.” ಅವನ್ನು ಹೆಗಲು ಕೊಟ್ಟು ಇಳಿಸಿದ ಆಳುಗಳು ಈ ಮಾತು ಬಂದಾಗ ಸುಮ್ಮನೆ ಮೆಣಸಿನ ಬಳ್ಳಿ ಕಡೆ ನೋಡುತ್ತಾರೆ.

ಗೋಡೆಯ ಮೇಲೊಂದು ಕೋವಿ. ಅದರ ಕಥೆಗೆ ರಾತ್ರಿ ಊಟಕ್ಕೆ ಮುಂಚಿನ ಒಂದು ಗಂಟೆ ಮೀಸಲು. ಚುನಾವಣೆ ಬಂದರೆ ಪರವಾನಗಿ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕಲ್ಲ, ಆಗ ಮೊಳೆ ಮಾತ್ರ ಉಳಿಯುತ್ತದೆ. ಗೌಡರು ಮೊಳೆ ತೋರಿಸಿ ಅದೇ ಕಥೆ ಹೇಳುತ್ತಾರೆ. ಹುಲಿ ಇನ್ನಷ್ಟು ದೊಡ್ಡದಾಗಿರುತ್ತದೆ, ಅಷ್ಟೇ.

“ನಮ್ಮಲ್ಲಿ ಎಲ್ಲಾ ಮನೆ ಅಡುಗೆ” ಎಂಬುದು ಅವರು ಹೇಳುವ ಅಪ್ಪಟ ಸತ್ಯ. ಬೆಳಗಿನ ಜಾವ ಎದ್ದು ಕಡುಬಿಗೆ ಹಿಟ್ಟು ತೊಳಸುವವರು, ಕಳಲೆ ಹೆಚ್ಚಿ ನೀರಲ್ಲಿ ಹಾಕುವವರು, ಪನೀರ್ ಇಲ್ವಾ ಎಂದವರಿಗೆ ನಗುನಗುತ್ತಾ ಇಲ್ಲ ಎನ್ನುವವರು ಅಮ್ಮಾವ್ರು. ಗೌಡರ ಪಾಲಿಗೆ ಬಂದದ್ದು ಆರಾಮಕುರ್ಚಿ. ತೋಟ ಸುತ್ತಿ ಬಂದ ಹುಡುಗಿ ಕಾಲಲ್ಲಿ ಇಂಬಳ ಕಂಡು ಕಿರುಚಿದರೆ ಅಲ್ಲಿಂದಲೇ ಸಮಾಧಾನ: “ಕೆಟ್ಟ ರಕ್ತ ಹೀರುತ್ತಮ್ಮ. ಇದಕ್ಕೆ ನಾವು ಚಾರ್ಜ್ ಮಾಡಲ್ಲ.”

2024-25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ದರ ಬಂತು. ಹಣ್ಣು ಹರವಿದ ಕಣದಲ್ಲೇ ಅತಿಥಿಗಳಿಗೆ ಕ್ಯಾಂಪ್‌ಫೈರ್ ಬೇಕು, ಕಾಫಿ ತುಳಿದು ಫೋಟೋ ಬೇಕು. “ರೀ, ಇನ್ನಾದರೂ ಬೋರ್ಡ್ ಇಳಿಸಿ” ಎಂದರು ಅಮ್ಮಾವ್ರು. ಗೌಡರು ಬುಕಿಂಗ್ ಆಗಿದೆ ಎಂದರು. ಆಗಿರಲಿಲ್ಲ. ಮಕ್ಕಳಿಬ್ಬರೂ ಬೆಂಗಳೂರಲ್ಲಿ, ನೆಂಟರಿಗೆ ಹುಲಿ ಬಾಯಿಪಾಠ. ಇನ್ನು ಕೇಳುವವರು ಯಾರು?

ಜುಲೈಯಲ್ಲಿ ಮಾತ್ರ ಕಷ್ಟ. ಧೋ ಎಂದು ಸುರಿಯುವ ಮಳೆ, ಬೀಳುವ ಮರ, ಬಾರದ ಅತಿಥಿ. ತಂತಿ ಹರಿದ ದಿನ ಲೈನ್‌ಮನ್ ನೆನೆದುಕೊಂಡು ಬಂದು, ಫ್ಯೂಸ್ ನೋಡಿ ಹೊರಟವನು ತಪ್ಪಿ ಜಗಲಿ ಹತ್ತಿದ. ಕೂತ್ಕೊ ಎಂದರು ಗೌಡರು. ಮುತ್ತಜ್ಜ ಕಂಬ ಕೆತ್ತಿಸಿದ್ದಾಯಿತು, ಹುಲಿ ಬಂದದ್ದಾಯಿತು. ಅವನು ಟೊಪ್ಪಿ ಕೈಯಲ್ಲಿ ಹಿಡಿದು “ಹೌದಾ ಸಾರ್” ಎನ್ನುತ್ತಲೇ ಇದ್ದ. ಹುಲಿ ಇನ್ನೂ ಸತ್ತಿರಲಿಲ್ಲ, ಒಳಗಿಂದ ಅಮ್ಮಾವ್ರ ಕೂಗು ಬಂತು: “ಅವನ್ನ ಬಿಡೀಂದ್ರೆ! ಇಡೀ ಊರು ಕತ್ತಲಲ್ಲಿದೆ.”