ಒಂಬತ್ತು ಇಂಚಿನ ತಟ್ಟೆಯಲ್ಲಿ ಒಬ್ಬಟ್ಟು

ನ್ಯೂಜೆರ್ಸಿಯ ಕನ್ನಡಿಗರು ನಾಲ್ಕು ಜನ ಸೇರಿದರೆ ಮೊದಲೆಲ್ಲ ಮಾತು ಮನೆ ಸಾಲದ ಬಡ್ಡಿ, ಮಕ್ಕಳ ಎಸ್‌ಎಟಿ ಅಂಕ, ಬೆಂಗಳೂರಿನ ವಿಮಾನದ ಟಿಕೆಟ್ಟು, ಇವುಗಳ ಸುತ್ತ ತಿರುಗುತ್ತಿತ್ತು. ತಲೆಗೂದಲು ನರೆತ ಮೇಲೆ ಇವನ್ನೆಲ್ಲ ಹಿಂದೆ ತಳ್ಳಿ ಇನ್ನೊಂದು ಅಂಕಿ ಮುಂದಿನ ಸಾಲಿಗೆ ಬಂದು ಕೂತಿದೆ: ರಕ್ತದ ಸಕ್ಕರೆಯ ಲೆಕ್ಕ ಹೇಳುವ ಎ1ಸಿ. ‘ನಿಮ್ಮದೆಷ್ಟು?’ ಎಂದರೆ ಈಗ ಯಾರೂ ಸಂಬಳದ ಪ್ರಶ್ನೆ ಎಂದುಕೊಳ್ಳುವುದಿಲ್ಲ. 5.7 ಮುಟ್ಟಿದವರು ‘ಬಾರ್ಡರ್’ನಲ್ಲಿದ್ದಾರೆ, 6.5 ಮುಟ್ಟಿದವರು ದಾಟಿ ಆಚೆ ಹೋಗಿದ್ದಾರೆ. ವೀಸಾ ಇಲ್ಲದೆ ದಾಟಬಹುದಾದ ಬಾರ್ಡರ್ ನಮ್ಮ ಪಾಲಿಗೆ ಇದೊಂದೇ.

ಭಾರತದಲ್ಲಿ ಹುಟ್ಟಿದವರನ್ನು ಅಮೆರಿಕ ಗ್ರೀನ್ ಕಾರ್ಡಿಗೆಂದು ವರ್ಷಗಟ್ಟಲೆ ಸಾಲಿನಲ್ಲಿ ನಿಲ್ಲಿಸುತ್ತದೆ. ಶುಗರ್ ಪರೀಕ್ಷೆಗೆ ಮಾತ್ರ ಸಾಲು ತಪ್ಪಿಸಿ ಮುಂದಕ್ಕೆ ಕರೆಯುತ್ತದೆ. ಬೇರೆಯವರಿಗೆ ಎತ್ತರ-ತೂಕದ ಲೆಕ್ಕವಾದ ಬಿ.ಎಂ.ಐ. 25 ಆದಾಗ ಮಾಡುವ ಪರೀಕ್ಷೆಯನ್ನು ಏಷ್ಯಾ ಮೂಲದವರಿಗೆ 23ಕ್ಕೇ ಮಾಡಿ ಎಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಲ್ಲೇ ಹೇಳಿದೆ. ಮೈ ಸಣ್ಣಗೆ ಕಂಡರೂ ನಮ್ಮ ಕೊಬ್ಬು ಹೊಟ್ಟೆಯ ಸುತ್ತಲೇ ಸಭೆ ಸೇರಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಗಾಲು ಹಾಕುತ್ತದೆ. ನಮ್ಮನೆಯವರನ್ನು ಹಾಗೆ ಆದರದಿಂದ ಕರೆದು ಕೈಗೆ ಕೊಟ್ಟ ಅಂಕಿ 7.4.

ಆಗ ಹಾಸನದಿಂದ ಅತ್ತೆ ಬಂದಿದ್ದರು. ಲಂಡನ್ನಿನಲ್ಲಿರುವ ನಾದಿನಿಯ ಗಂಡನಿಗೂ ಶುಗರ್ರು. ಅವಳು ಫೋನಿನಲ್ಲಿ, ‘ಅಮ್ಮ, ಇವರದು ಇವತ್ತು ಖಾಲಿ ಹೊಟ್ಟೆಗೆ ಏಳು ಬಂದಿದೆ’ ಎಂದಳು. ಅತ್ತೆ ಎದೆ ಹಿಡಿದುಕೊಂಡರು. ‘ಏಳೇ? ನಿಮ್ಮಣ್ಣಂದು ಖಾಲಿ ಹೊಟ್ಟೆಗೆ ನೂರಿಪ್ಪತ್ತಾರು ಕಣೇ! ಏಳಕ್ಕಿಳಿದ್ರೆ ಮನುಷ್ಯ ಉಳೀತಾನೇನೇ? ಮೊದ್ಲು ಅಳಿಯಂದ್ರಿಗೆ ಒಂದು ಲೋಟ ಬೆಲ್ಲದ ಪಾನಕ ಕೊಡು!’ ಬ್ರಿಟನ್ ಮಿಲಿಮೋಲಿನಲ್ಲಿ ಅಳೆಯುತ್ತದೆ, ಅಮೆರಿಕ ಮತ್ತು ಇಂಡಿಯಾ ಮಿಲಿಗ್ರಾಮಿನಲ್ಲಿ. ಅಲ್ಲಿನ ಏಳನ್ನು 18ರಿಂದ ಗುಣಿಸಿದರೆ ಸರಿಯಾಗಿ ಇಲ್ಲಿನ 126. ಖಾಲಿ ಹೊಟ್ಟೆಯ ಲೆಕ್ಕದಲ್ಲಿ ಡಯಾಬಿಟಿಸ್ ಶುರುವಾಗುವುದೂ ಅಲ್ಲಿಂದಲೇ. ಮಗನೂ ಅಳಿಯನೂ ಸರಿಸಮ ಎಂದು ತಿಳಿದ ಮೇಲೆ ಅತ್ತೆಗೆ ಅದೇನೋ ಸಮಾಧಾನವಾಯಿತು.

ಮುಂದಿನ ಹೆಜ್ಜೆ ಡಯಟೀಶಿಯನ್. ಆಕೆಯ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಕೋಳಿ, ಪ್ಲಾಸ್ಟಿಕ್ಕಿನ ಬ್ರೊಕೊಲಿ ಇದ್ದವು. ಪ್ಲಾಸ್ಟಿಕ್ಕಿನ ಅಕ್ಕಿರೊಟ್ಟಿ ಇರಲಿಲ್ಲ. ‘ಒಂದು ಊಟದಲ್ಲಿ ಎಷ್ಟು ಸಲ ಅನ್ನ ಹಾಕಿಸಿಕೊಳ್ಳುತ್ತೀರಿ?’ ಎಂದು ಕೇಳಿದಳು. ‘ಒಂದೇ ಸಲ’ ಎಂದರು ನಮ್ಮನೆಯವರು. ನಾನು ಸುಮ್ಮನಿರಲಾರದೆ, ‘ಸಾರನ್ನ ಒಂದು, ಹುಳಿಯನ್ನ ಒಂದು, ಮೊಸರನ್ನ ಒಂದು’ ಎಂದು ಲೆಕ್ಕ ಕೊಟ್ಟೆ. ‘ಮೊಸರನ್ನ ಅನ್ನದ ಲೆಕ್ಕಕ್ಕೆ ಬರಲ್ಲ ಕಣೇ, ಅದು ಮೊಸರಿನ ಲೆಕ್ಕ’ ಎಂದರು. ಕನ್ನಡ ಬಾರದ ಆಕೆಯೂ ಮೂರು ಎಂದೇ ಬರೆದುಕೊಂಡಳು.

ಆಕೆ ಹೇಳಿದ ಲೆಕ್ಕ ನಮ್ಮ ಅಡುಗೆಮನೆಯ ನಂಬಿಕೆಯನ್ನೇ ಅಲ್ಲಾಡಿಸಿಬಿಟ್ಟಿತು. ಕಾಫಿಗೆ ಹಾಕುವ ಒಂದು ಚಮಚ ಸಕ್ಕರೆ ಎಂದರೆ 4 ಗ್ರಾಂ. ಒಂದು ಕಪ್ ಅನ್ನದಲ್ಲಿರುವ ಕಾರ್ಬೊಹೈಡ್ರೇಟ್ ಸುಮಾರು 45 ಗ್ರಾಂ. ಸಕ್ಕರೆಯಿಲ್ಲದ ಕಾಫಿ ಕುಡಿದು ದಧೀಚಿಯಂತೆ ಮುಖ ಮಾಡಿಕೊಂಡು ಕೂರುವ ಮನುಷ್ಯ, ಮಧ್ಯಾಹ್ನ ಹತ್ತು ಹನ್ನೊಂದು ಚಮಚ ಸಕ್ಕರೆಗೆ ಸಮನಾದದ್ದನ್ನು ಮೂರು ಕಂತಿನಲ್ಲಿ ಕಲಸಿಕೊಂಡು ತಿನ್ನುತ್ತಾನೆ. ಸಿಹಿಯನ್ನು ಬೈದು ಅನ್ನವನ್ನು ಸುಮ್ಮನೆ ಬಿಟ್ಟುಬಿಡುವುದೆಂದರೆ ಮಂತ್ರಿಯನ್ನು ಬಿಟ್ಟು ಗುಮಾಸ್ತನನ್ನು ಸಸ್ಪೆಂಡ್ ಮಾಡಿದ ಹಾಗೆ.

ಆಕೆ ಕೊಟ್ಟ ಪರಿಹಾರ ಒಂಬತ್ತು ಇಂಚಿನ ತಟ್ಟೆ. ಅರ್ಧ ತರಕಾರಿ, ಕಾಲು ಭಾಗ ಬೇಳೆ ಕಾಳು ಮೊಟ್ಟೆಯಂಥ ಪ್ರೋಟೀನು, ಉಳಿದ ಕಾಲಿನಲ್ಲಿ ಅನ್ನವೋ ಚಪಾತಿಯೋ. ತವರಿನಿಂದ ತಂದ ನನ್ನ ಅಗಲದ ಸ್ಟೀಲ್ ತಟ್ಟೆಗಳು ಅಟ್ಟ ಸೇರಿದವು. ಮೊದಲ ದಿನವೇ ನಮ್ಮನೆಯವರು ಆ ಕಾಲು ಭಾಗದಲ್ಲಿ ಶ್ರವಣಬೆಳಗೊಳದ ಬೆಟ್ಟ ಎಬ್ಬಿಸಿದ್ದರು. ‘ಇದೇನ್ರೀ?’ ಎಂದರೆ, ‘ಅಗಲಕ್ಕೆ ಇಂಚು ಹೇಳಿದ್ದಾಳೆ, ಎತ್ತರಕ್ಕೆ ಹೇಳಿಲ್ಲ!’

ಅತ್ತೆಗೆ ಈ ತಟ್ಟೆಯಲ್ಲೂ ನಂಬಿಕೆಯಿಲ್ಲ, ಅಮೆರಿಕದಲ್ಲೂ ಇಲ್ಲ. ಅವರ ನಂಬಿಕೆ ರಾಗಿಯಲ್ಲಿ. ‘ಮುದ್ದೆ ಹಾಕು, ಶುಗರ್ರು ಓಡಿಹೋಗುತ್ತೆ’ ಎಂದರು. ಓಕ್ ಟ್ರೀ ರಸ್ತೆಯ ಇಂಡಿಯನ್ ಅಂಗಡಿಯಿಂದ ರಾಗಿಹಿಟ್ಟು ಬಂತು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಶ್ರೀರಾಮನೇ ಅಕ್ಕಿಯನ್ನು ಸೋಲಿಸಿ ರಾಗಿಯ ಪರ ತೀರ್ಪು ಕೊಟ್ಟಿದ್ದಾನೆ ನಿಜ. ಆದರೆ ಅಲ್ಲಿ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದ್ದು ಯಾವುದು ಕೆಡದೆ ಉಳಿಯುತ್ತದೆ ಎಂದು. ಸಕ್ಕರೆಯ ಪ್ರಶ್ನೆ ರಾಮನ ಮುಂದೆ ಬಂದೇ ಇರಲಿಲ್ಲ. ರಾಗಿಯಲ್ಲಿ ನಾರು ಹೆಚ್ಚು, ಕ್ಯಾಲ್ಸಿಯಂ ಧಾರಾಳ, ಎಲ್ಲ ಸರಿ. ಪಿಷ್ಟವೂ ಧಾರಾಳ. ನುಣ್ಣಗೆ ಬೀಸಿದ ಹಿಟ್ಟಿನಲ್ಲಿ ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ಕಟ್ಟಿದರೆ ಶುಗರ್ರು ಓಡುವುದು ನಿಜ, ಮೇಲಕ್ಕೆ.

ಇದು ಹೇಗೆ ಗೊತ್ತಾಯಿತೆಂದರೆ, ಅಷ್ಟರಲ್ಲಿ ಮನೆಗೆ ಪತ್ತೇದಾರ ಬಂದಾಗಿತ್ತು. ತೋಳಿನ ಹಿಂಬದಿಗೆ ಅಂಟಿಸುವ ಪುಟ್ಟ ಸೆನ್ಸರ್. ಸುಮಾರು ಎರಡು ವಾರ ಅಲ್ಲೇ ಕೂತು ಫೋನಿಗೆ ಗ್ರಾಫ್ ಕಳಿಸುತ್ತದೆ. ಆ ಗ್ರಾಫನ್ನು ಶಿಕಾಗೋದಲ್ಲಿರುವ ಮಗಳೂ ತನ್ನ ಫೋನಿನಲ್ಲಿ ನೋಡಬಹುದು. ಗ್ಯಾರೇಜಿನಲ್ಲಿ, ಹಿಮ ತೆಗೆಯುವ ಸಲಿಕೆಯ ಹಿಂದೆ ಬಚ್ಚಿಟ್ಟ ಮೈಸೂರ್‌ಪಾಕನ್ನು ಅಪ್ಪ ಬಾಯಿಗೆ ಹಾಕಿಕೊಂಡು ಕೈ ಒರೆಸಿಕೊಂಡು ಬಂದರೆ, ಸ್ವಲ್ಪ ಹೊತ್ತಿಗೆಲ್ಲ ಮಗಳ ಫೋನು: ‘ಅಪ್ಪಾ, ಏನು ತಿಂದೆ?’ ಸೆನ್ಸರ್ ರಕ್ತವನ್ನು ನೇರವಾಗಿ ಅಳೆಯುವುದಿಲ್ಲ, ಚರ್ಮದ ಕೆಳಗಿನ ದ್ರವವನ್ನು ಅಳೆಯುತ್ತದೆ. ಹಾಗಾಗಿ ಲೆಕ್ಕ ಕೆಲವು ನಿಮಿಷ ತಡ. ಕದ್ದು ತಿಂದವರಿಗೆ ಸಿಗುವ ನಿರೀಕ್ಷಣಾ ಜಾಮೀನು ಅಷ್ಟೇ.

ಜಾಮೀನು ಸಾಲದಾದಾಗ ನಮ್ಮನೆಯವರು ಕಾನೂನು ಓದಿದರು. 70ಕ್ಕಿಂತ ಕೆಳಗಿಳಿದರೆ ಕೂಡಲೇ 15 ಗ್ರಾಂ ಸಕ್ಕರೆ ತೆಗೆದುಕೊಳ್ಳಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು ಎಂಬುದು ನಿಯಮ. ಒಂದು ಸಂಜೆ ಸೋಫಾದ ಮೇಲೆ ಒರಗಿ, ಕ್ಷೀಣ ದನಿಯಲ್ಲಿ, ‘ಲೋ ಆಗ್ತಿದೆ ಕಣೇ... ಆ ಮೈಸೂರ್‌ಪಾಕಿನ ಡಬ್ಬ...’ ಎಂದರು. ನಿಯಮದ ಮುಂದಿನ ಸಾಲನ್ನು ನಾನೂ ಓದಿದ್ದೆ. ಲೋ ಆದಾಗ ತುಪ್ಪದಲ್ಲಿ ಮುಳುಗಿದ ಸಿಹಿ ಉಪಯೋಗಕ್ಕಿಲ್ಲ. ಜಿಡ್ಡು ಸಕ್ಕರೆಯನ್ನು ನಿಧಾನ ಮಾಡುತ್ತದೆ. ಬೇಕಾದದ್ದು ಅರ್ಧ ಕಪ್ ಹಣ್ಣಿನ ರಸ. ಕಿತ್ತಳೆ ರಸದ ಲೋಟ ನೋಡಿದ್ದೇ ತಡ, ರೋಗಿ ಎದ್ದು ಕೂತು ಟಿವಿ ಹಾಕಿದರು. ಫೋನು 112 ತೋರಿಸುತ್ತಿತ್ತು.

ಸರಿ, ಸಕ್ಕರೆ ಇಲ್ಲದ ಸಿಹಿ ಮಾಡೋಣ ಎಂದು ಹೊರಟರೆ ಅದೇ ಒಂದು ರಸಾಯನಶಾಸ್ತ್ರ. ಎರಿಥ್ರಿಟಾಲ್ ಎಂಬ ಬದಲಿ ಸಕ್ಕರೆ ಹಾಕಿದ ಹೂರಣ ಬಾಯಿಗಿಟ್ಟರೆ ತಣ್ಣಗೆ ಪೆಪ್ಪರ್‌ಮಿಂಟ್ ಬೀಸುತ್ತದೆ. ಅತ್ತೆ, ‘ಒಬ್ಬಟ್ಟಿಗೆ ಅಮೃತಾಂಜನ ಹಾಕಿದೀಯೇನೇ?’ ಎಂದರು. ಅದರಲ್ಲಿ ಪಾಕ ಹಿಡಿಯಲು ಹೋದರೆ ಎಳೆ ಬರುವುದಿಲ್ಲ, ಆರಿದೊಡನೆ ಹರಳುಗಟ್ಟಿ ಕೂರುತ್ತದೆ. ಸ್ಟೀವಿಯಾ ಸ್ವಲ್ಪ ಹೆಚ್ಚಾದರೆ ಪಾಯಸದ ಕೊನೆಗೆ ಕಷಾಯದ ನೆನಪು ಬರುತ್ತದೆ. ಇನ್ನು ಮಾಲ್ಟಿಟಾಲ್. ಯುಗಾದಿ ಕಾರ್ಯಕ್ರಮಕ್ಕೆ ಯಾರೋ ಪುಣ್ಯಾತ್ಮರು ‘ಶುಗರ್ ಫ್ರೀ’ ಬರ್ಫಿಯ ಡಬ್ಬಗಳನ್ನೇ ತಂದಿದ್ದರು. ಫ್ರೀ ಎಂದ ಮೇಲೆ ಲೆಕ್ಕವೇಕೆ ಎಂದು ಎಲ್ಲರೂ ಧಾರಾಳವಾಗಿ ತಿಂದರು. ಮಾಲ್ಟಿಟಾಲ್ ಹೆಚ್ಚಾದರೆ ಹೊಟ್ಟೆ ಸಡಿಲಾಗುತ್ತದೆ ಎಂಬ ಸಣ್ಣಕ್ಷರದ ಸಾಲನ್ನು ಯಾರೂ ಓದಿರಲಿಲ್ಲ. ಹಳಗನ್ನಡದ ಮೇಲೆ ಉಪನ್ಯಾಸ ನಡೆಯುತ್ತಿರುವಾಗ ಸಭಿಕರು ಒಬ್ಬೊಬ್ಬರಾಗಿ ಎದ್ದು ಹೊರಟರು. ಉಪನ್ಯಾಸಕರು ಪಂಪನನ್ನು ಅರ್ಧಕ್ಕೇ ಬಿಟ್ಟು ವಂದನಾರ್ಪಣೆಗೆ ಬಂದುಬಿಟ್ಟರು.

‘ಸಕ್ಕರೆ ಬೇಡ, ಬೆಲ್ಲ ಹಾಕು, ಬೆಲ್ಲ ಒಳ್ಳೇದು’ ಎನ್ನುವವರೂ ಇದ್ದಾರೆ. ಬೆಲ್ಲದ ಬಹುಪಾಲು ಸಕ್ಕರೆಯೇ. ಬಣ್ಣ ಬದಲಿಸಿದ್ದಕ್ಕೆ ಸೆನ್ಸರ್ ಮೋಸಹೋಗುವುದಿಲ್ಲ.

ಇಷ್ಟೆಲ್ಲ ಕೆಡಿಸಿ ಸರಿಮಾಡಿದ ಮೇಲೆ ನಮ್ಮ ಅಡುಗೆಮನೆಯಲ್ಲಿ ನಿಂತ ಕಾನೂನು ಚಿಕ್ಕದು. ಸಕ್ಕರೆ ಬರೀ ರುಚಿಗೆ ಇರುವ ಕಡೆ ಬದಲಿ ಹಾಕಬಹುದು. ಸಕ್ಕರೆಯೇ ಗೋಡೆ ಕಂಬವಾಗಿರುವ ಮೈಸೂರ್‌ಪಾಕು, ಚಿಕ್ಕಿ, ಜಹಾಂಗೀರಿನಲ್ಲಿ ಕೈ ಹಾಕಬಾರದು. ಶ್ರೀಖಂಡ ಗೆಲ್ಲುತ್ತದೆ: ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕುವ ಕೆಲಸವನ್ನು ‘ಗ್ರೀಕ್ ಯೋಗರ್ಟ್’ ಡಬ್ಬದವರು ಮೊದಲೇ ಮಾಡಿಟ್ಟಿರುತ್ತಾರೆ, ಕೇಸರಿ, ಏಲಕ್ಕಿ, ಪಿಸ್ತಾ, ಆಲ್ಯುಲೋಸ್ ಎಂಬ ಇನ್ನೊಂದು ಬದಲಿ ಸಕ್ಕರೆ ಒಂದಿಷ್ಟು ಸೇರಿಸಿದರಾಯಿತು. ಬಾದಾಮಿ ಹಾಲೂ ಹಾಗೆಯೇ. ಹೆಸರುಬೇಳೆ ಪಾಯಸಕ್ಕೆ ಕಾಯಿಹಾಲು ಮುಂದು, ಬೆಲ್ಲ ಹಿಂದು. ಊಟಕ್ಕೆ ಗುಜರಾತಿ ಅಂಗಡಿಯ ಫ್ರೀಜರ್‌ನಲ್ಲಿ ‘ಸುರ್ತಿ ಲಿಲ್ವಾ’ ಎಂಬ ಹೆಸರಿನಿಂದ ಅಡಗಿರುವ ನಮ್ಮ ಅವರೆಕಾಳಿನ ಉಸಲಿ, ಸೊಪ್ಪಿನ ಬಸ್ಸಾರು, ಹುರುಳಿಕಟ್ಟಿನ ಸಾರು, ಹೆಸರುಬೇಳೆ ದೋಸೆ. ಇದಾವುದೂ ಪಥ್ಯವೆಂದು ಯಾರಿಗೂ ಅನ್ನಿಸುವುದಿಲ್ಲ, ಏಕೆಂದರೆ ಮನೆಮಂದಿಗೆಲ್ಲ ಅದೇ ಅಡುಗೆ. ತರಕಾರಿ, ಕಾಳು ಮೊದಲು ತಿಂದು ಅನ್ನ ಕೊನೆಗೆ ತಿಂದರೆ ಶುಗರ್ರು ಅಷ್ಟಾಗಿ ಜಿಗಿಯುವುದಿಲ್ಲವೆಂದು ಡಯಟೀಶಿಯನ್ ಹೇಳಿದಾಗ ಅತ್ತೆ ಮೂಗು ಮುರಿದರು: ‘ಎಲೆಗೆ ಕೋಸಂಬರಿ ಪಲ್ಯ ಮೊದಲು ಬಡಿಸೋದು ಮತ್ತಿನ್ಯಾಕೆ?’

ಒಬ್ಬಟ್ಟನ್ನು ಮಾತ್ರ ನಾವು ಬಿಡಲಿಲ್ಲ. ಹೂರಣಕ್ಕೆ ಅಮೃತಾಂಜನವೂ ಬೇಡ. ಕಡಲೆಬೇಳೆ, ಮೂರನೇ ಒಂದು ಪಾಲು ಕಡಿಮೆ ಮಾಡಿದ ನಿಜವಾದ ಬೆಲ್ಲ, ಧಾರಾಳ ಏಲಕ್ಕಿ, ಅಂಗೈಯಗಲದ್ದು ಒಂದೇ ಒಂದು. ಒಬ್ಬಟ್ಟು ಬಂದ ಹೊತ್ತು ಅನ್ನಕ್ಕೆ ರಜೆ. ಊಟವಾದ ಮೇಲೆ ಓಣಿಯಲ್ಲಿ ಒಂದು ಸುತ್ತು. ಮಾತ್ರೆಯ ವಿಷಯ ಡಾಕ್ಟರದು, ತಟ್ಟೆಯ ವಿಷಯ ನನ್ನದು. ಗ್ಯಾರೇಜಿನಲ್ಲೀಗ ಸಲಿಕೆ ಬಿಟ್ಟರೆ ಬೇರೇನೂ ಇಲ್ಲ. ಎದುರಿಗೇ ಬಡಿಸುವ ಮನೆಯಲ್ಲಿ ಕಳ್ಳನಿಗೆ ಕೆಲಸವಿರುವುದಿಲ್ಲ.

ಕೊನೆಗೆ, ನಮ್ಮನ್ನು ಊಟಕ್ಕೆ ಕರೆಯುವ ಕನ್ನಡದ ಬಂಧುಗಳಲ್ಲಿ ಒಂದು ಬಿನ್ನಹ. ‘ಪಾಪ, ಇವರಿಗೆ ಶುಗರ್ರು’ ಎಂದು ಉಪ್ಪಿಲ್ಲದ ಓಟ್ಸನ್ನು ಬೇರೆ ಪಾತ್ರೆಯಲ್ಲಿ ಮಾಡಿಡಬೇಡಿ. ಅವರು ಬಿಟ್ಟದ್ದು ಸಕ್ಕರೆಯನ್ನು, ಸಂಸಾರವನ್ನಲ್ಲ. ‘ನನ್ನಾಣೆಗೂ ಇನ್ನೊಂದು ಹಾಕಿಸ್ಕೊಳ್ಳಿ’ ಎಂದು ಒಬ್ಬಟ್ಟು ಹಿಡಿದು ಹಿಂದೆ ಬೀಳಲೂಬೇಡಿ. ಬಲವಂತ ಮಾಡದೆ ಬಡಿಸಿದರೆ ನಮ್ಮವರ ಕೈಗೆ ಸಮಾಧಾನವಿಲ್ಲವೆಂದು ನನಗೂ ಗೊತ್ತು. ಆಣೆ ಹಾಕಲೇಬೇಕೆಂದಿದ್ದರೆ ಕೋಸಂಬರಿಯ ಮೇಲೆ ಹಾಕಿ.